ಕೊನೆ ಮೇಷ್ಟರ ಕಿತ್ತಳೆ ಅಂಗಿ

ಪ್ರವಾಸದ ಆರನೆಯ ದಿನ ಬೆಳಗ್ಗೆ, ಹದಿನಾಲ್ಕು ಮಂದಿ ಸೈಕಲ್ ಸವಾರರು ಶಾಲೆಯೊಂದರ ಬೆಂಚುಗಳ ಮೇಲಿಂದ ಎದ್ದು ಕಾಲು ನೀವಿಕೊಳ್ಳುತ್ತಿದ್ದಾಗ, ಕೊನೆ ಮೇಷ್ಟರು ತೀರಿಕೊಂಡ ಸುದ್ದಿ ಬಂತು. ರಾತ್ರಿ ಮಲಗಿದವರು ಏಳಲಿಲ್ಲವಂತೆ. ನೋವಿಲ್ಲ, ನರಳಾಟವಿಲ್ಲ. ಪುಣ್ಯವಂತರ ಸಾವು.

ಅವರು ಚಿತ್ರಕಲೆಯ ಮೇಷ್ಟರು. ಹನ್ನೆರಡು ವರ್ಷ ಈ ತಂಡದ ಕಟ್ಟಕಡೆಯಲ್ಲಿ ಸೈಕಲ್ ತುಳಿದು ಬಂದದ್ದರಿಂದ ‘ಕೊನೆ ಮೇಷ್ಟರು’ ಎಂದೇ ಹೆಸರಾಗಿತ್ತು. ಆ ನಿಯಮ ಮಾಡಿದವರೂ ಅವರೇ. ಒಬ್ಬರು ಕಿತ್ತಳೆ ಬಣ್ಣದ ತೋಳಿಲ್ಲದ ಅಂಗಿ ತೊಟ್ಟು ಎಲ್ಲರಿಗಿಂತ ಹಿಂದೆ ಬರಬೇಕು. ಏನೇ ಆಗಲಿ, ಯಾರನ್ನೂ ದಾಟಿ ಮುಂದೆ ಹೋಗಬಾರದು. ಸಂಜೆ ತಂಗುವ ಜಾಗಕ್ಕೆ ಬಂದು, “ನನ್ನ ಹಿಂದೆ ಯಾರೂ ಇಲ್ಲ” ಎಂದು ಅವರು ಹೇಳಿದ ಮೇಲೆಯೇ ಉಳಿದವರಿಗೆ ಊಟ. ಈ ವರ್ಷ ಉಬ್ಬಸ ಹೆಚ್ಚಾಗಿ ಮೇಷ್ಟರು ಬಂದಿರಲಿಲ್ಲ. ಅಂಗಿಯನ್ನು ಮಾತ್ರ ಒಗೆದು, ಇಸ್ತ್ರಿ ಮಾಡಿ ಕಳಿಸಿದ್ದರು.

ತಂಡದ ಮುಂದಾಳು ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದೊಡ್ಡ ನರ್ಸಾಗಿ ದುಡಿದವರು. ಅವರು ಗದರಿದರೆ ಜ್ವರವೂ ಇಳಿಯುತ್ತಿತ್ತು ಎಂದು ಜನ ಹೇಳುತ್ತಾರೆ. ಆ ದಿನ ಅವರ ದನಿ ನಡುಗುತ್ತಿತ್ತು.

“ಮೇಷ್ಟರ ಹೆಂಡತಿ ಹತ್ತಿರ ಮಾತಾಡಿದೆ. ನಾವು ಅಲ್ಲಿಗೆ ಹೋಗಿ ಸೇರೋದು ಆಗದ ಮಾತು. ಪ್ರವಾಸ ನಿಲ್ಲಿಸ್ಬೇಡಿ, ಅವರಿಗೆ ಇಷ್ಟ ಆಗಲ್ಲ ಅಂದ್ರು. ಇವತ್ತು ಸಂಜೆ ಆರೂವರೆಗೆ ಅವರಲ್ಲಿ ದೀಪ ಹಚ್ತಾರೆ, ನಾವಿಲ್ಲಿ ಪ್ರಾರ್ಥನೆ ಮಾಡ್ಬೇಕು. ನಮ್ಮಲ್ಲಿ ಕೊನೆಯವರು ಬಂದ್ರು ಅಂತ ಫೋನ್ ಹೋಗೋವರೆಗೂ ಅವರು ದೀಪ ಹಚ್ಚಲ್ಲವಂತೆ, ಬಾಯಿಗೆ ನೀರೂ ಹಾಕಲ್ಲವಂತೆ.”

ನರ್ಸಮ್ಮ ಕಣ್ಣೊರೆಸಿಕೊಂಡು ಮುಂದುವರಿಸಿದರು.

“ಇನ್ನೊಂದು ಮಾತು. ಇವತ್ತಿನದು ಹದಿನೇಳು ತಿರುವಿನ ಬೆಟ್ಟ. ಮೇಷ್ಟರು ಹನ್ನೆರಡು ಸಲ ತುಳಿದು ಹತ್ತಿದ ಬೆಟ್ಟ. ತುಳೀರಿ, ಇಲ್ಲ ತಳ್ಕೊಂಡು ನಡೀರಿ. ಗಾಡಿ ಹತ್ತಿದವರ ಮುಖ ನಾನು ನೋಡಲ್ಲ.”

ಇದುವರೆಗೆ ದಿನಕ್ಕೊಬ್ಬರು ತೊಟ್ಟಿದ್ದ ಅಂಗಿಯನ್ನು ಆ ದಿನ ಯಾರು ತೊಡಬೇಕು? ಇಪ್ಪತ್ತಾರು ಕಣ್ಣುಗಳು ಒಟ್ಟಿಗೆ ಮೂಲೆಯಲ್ಲಿದ್ದ ದರ್ಜಿಯ ಕಡೆ ತಿರುಗಿದವು.

ದರ್ಜಿ ನಲವತ್ತು ದಾಟಿದ ಸಣಕಲು ಮನುಷ್ಯ. ಜೀವಮಾನವೆಲ್ಲ ಹೊಲಿಗೆ ಯಂತ್ರ ತುಳಿದಿದ್ದರಿಂದ ಸೈಕಲ್ಲೂ ತುಳಿಯಬಲ್ಲೆ ಎಂದು ನಂಬಿ ಬಂದಿದ್ದ. ಹೊಲಿಗೆ ಯಂತ್ರ ಬೆಟ್ಟ ಹತ್ತುವುದಿಲ್ಲ ಎಂಬುದು ಅವನಿಗೆ ಮೊದಲ ಪ್ರವಾಸದ ಎರಡನೆಯ ದಿನವೇ ಹೊಳೆದಿತ್ತು.

“ನೀನು ಹೇಗೂ ಹಿಂದೇನೇ ಇರ್ತೀಯಲ್ಲಯ್ಯಾ,” ಎಂದ ಅವನ ಭಾವ. ಭಾವನೆಂದರೆ ಅಕ್ಕನ ಗಂಡ, ಮರದ ಡಿಪೋದ ಗುಮಾಸ್ತ, ಲೋಕದಲ್ಲಿ ತಿಳಿಯದ ವಿಷಯವೇ ಇಲ್ಲದವನು. “ಸುಮ್ಮನೆ ಮಾಡ್ತಿದ್ದ ಕೆಲಸಕ್ಕೆ ಒಂದು ಅಂಗಿ ಸಿಕ್ತು ಅಂದ್ಕೋ.”

ಅಂಗಿ ತೊಟ್ಟಾಗ ಪೊರಕೆ ಕಡ್ಡಿಗೆ ದಿಂಬಿನ ಚೀಲ ಹಾಕಿದಂತೆ ಕಂಡಿತು. ಆದರೆ ದರ್ಜಿ ಅದನ್ನು ಕಣ್ಣಿಗೊತ್ತಿಕೊಂಡೇ ತೊಟ್ಟಿದ್ದ. ಎರಡು ವರ್ಷದ ಹಿಂದೆ, ಆ ಮೊದಲ ಪ್ರವಾಸದಲ್ಲಿ, ಅವನು ರಸ್ತೆಯ ಅಂಚಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಾಗ ಬೆನ್ನು ಸವರುತ್ತ ನಿಂತವರು ಮೇಷ್ಟರೊಬ್ಬರೇ.

ತಾನಾಗಿ ಹಿಂದುಳಿಯುವುದು ಬೇರೆ, ಹಿಂದುಳಿಯುವುದೇ ಉದ್ಯೋಗವಾಗುವುದು ಬೇರೆ. ಅದು ಮಧ್ಯಾಹ್ನದೊಳಗೆ ಗೊತ್ತಾಯಿತು. ಹಲ್ಲಿನ ಡಾಕ್ಟರು ಕಂಡ ಕಂಡ ಮರದ ಫೋಟೋ ತೆಗೆಯಲು ನಿಲ್ಲುತ್ತಿದ್ದರು. ಅವರು ನಿಂತರೆ ದರ್ಜಿಯೂ ನಿಲ್ಲಬೇಕು.

“ಡಾಕ್ಟರೇ, ಸ್ವಲ್ಪ ಬೇಗ ಹೋಗೋಣ. ಅಲ್ಲೊಂದು ಜೀವ ನೀರೂ ಕುಡೀದೆ ಕಾಯ್ತಿದೆ.”

“ಅವಸರ ಮಾಡಿದ್ರೆ ಹಲ್ಲೂ ಸರಿಯಾಗಿ ಬರಲ್ಲ ರೀ, ಫೋಟೋನೂ ಬರಲ್ಲ.”

ಬೆಟ್ಟದ ಬುಡಕ್ಕೆ ಬಂದಾಗ ಮೂರೂವರೆ. ಉಳಿದವರು ಆಗಲೇ ಮೇಲಿನ ತಿರುವುಗಳಲ್ಲಿದ್ದರು. ಭಾವ ಮಾತ್ರ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. ಅವನ ಸೈಕಲ್ಲಿನ ಗೇರು ಕೈಕೊಟ್ಟಿತ್ತು.

“ನಿನ್ನ ಸೈಕಲ್ ಈ ಕಡೆ ಕೊಡು.”

“ಭಾವ, ನಾನು ಮತ್ತೆ...”

“ನೋಡಯ್ಯಾ, ಕೊನೆಯವನು ಅಂದ್ರೆ ಬೇರೆಯವರ ಕಷ್ಟ ನೋಡ್ಕೊಳ್ಳೋನು. ಮೇಷ್ಟರಾಗಿದ್ರೆ ಕೇಳೋಕೆ ಮುಂಚೇನೇ ಕೊಡ್ತಿದ್ರು. ಅವರ ಅಂಗಿ ಹಾಕ್ಕೊಂಡು ಇಲ್ಲ ಅಂತೀಯಾ?”

ಅಕ್ಕನ ಗಂಡ, ಮೇಲಾಗಿ ಸತ್ತವರ ಆಣೆ. ದರ್ಜಿ ಕೊಟ್ಟುಬಿಟ್ಟ. ಭಾವ ಏರಿ ಹೋದ, ಡಾಕ್ಟರೂ ಹೋದರು. ಅವರ ಹಿಂದೆ ದರ್ಜಿ, ಹೆಜ್ಜೆಗೊಮ್ಮೆ ಮುದಿ ಬಾಗಿಲಿನಂತೆ ಕಿರ್ರೆನ್ನುವ ಸೈಕಲ್ಲನ್ನು ತುಳಿಯುತ್ತ, ತಳ್ಳುತ್ತ ಹೊರಟ.

ಏಳನೆಯ ತಿರುವಿನಲ್ಲಿ ಹಿಂದಿನ ಟ್ಯೂಬು ಉಸ್ಸೆಂದಿತು. ಪಂಪು, ಹೆಚ್ಚುವರಿ ಟ್ಯೂಬು, ಅಂಟು ಎಲ್ಲವೂ ಅವನ ಚೀಲದಲ್ಲಿದ್ದವು. ಆ ಚೀಲ ಅವನ ಸೈಕಲ್ಲಿನಲ್ಲಿತ್ತು. ಆ ಸೈಕಲ್ಲು ಭಾವನ ಕೆಳಗಿತ್ತು. ಕೂಗಿದ. ಬೆಟ್ಟ ಮಾತ್ರ ಓಗೊಟ್ಟಿತು. ಫೋನು ತೆಗೆದ. ಅಲ್ಲಿ ಸಿಗ್ನಲ್ಲಿಲ್ಲ.

ಗಂಟೆ ಐದೂ ಮುಕ್ಕಾಲು. ಇನ್ನು ಹತ್ತು ತಿರುವು. ತಳ್ಳಿಕೊಂಡು ಹೋದರೆ ಎಂಟು ಗಂಟೆಗೂ ಮುಟ್ಟಲಾರೆ ಎಂದು ಲೆಕ್ಕ ಹಾಕಿದ. ಅವನ ಎದೆ ಖಾಲಿ ಹೊಲಿಗೆ ಯಂತ್ರದಂತೆ ಟಕಟಕ ಓಡತೊಡಗಿತು. ದೀಪದ ಮುಂದೆ ಬೆಂಕಿಪೊಟ್ಟಣ ಹಿಡಿದು ಕೂತ ಮುದುಕಿ ಕಣ್ಣೆದುರು ಬಂದಳು.

ಆಗ ಕೆಳಗಿನಿಂದ ಹಾಲಿನ ವ್ಯಾನು ಬಂತು. ಖಾಲಿ ಕ್ಯಾನುಗಳು ಗಲಗಲ ಎನ್ನುತ್ತಿದ್ದವು. ಚಾಲಕ ಕಿತ್ತಳೆ ಅಂಗಿಯನ್ನು ಒಮ್ಮೆ, ಅದರೊಳಗಿನ ಮನುಷ್ಯನನ್ನು ಒಮ್ಮೆ ನೋಡಿದ.

“ಹತ್ತಿ.”

“ಬೇಡಪ್ಪ. ಹತ್ತಬಾರದು.”

“ಸರಿ,” ಎಂದು ಚಾಲಕ ಗೇರು ಹಾಕಿದ.

ವ್ಯಾನು ಎರಡು ಮಾರು ಹೋಗಿರಬೇಕು. “ನಿಲ್ಸಿ! ನಿಲ್ಸಿ!” ಎಂದು ದರ್ಜಿ ಓಡಿದ. ದೇವರು ಕ್ಷಮಿಸಿಯಾನು, ನರ್ಸಮ್ಮ ಕ್ಷಮಿಸುವುದಿಲ್ಲ. ಆದರೂ ಆ ಮುದುಕಿಯನ್ನು ಕಾಯಿಸಲಾರೆ ಎನಿಸಿತು. ಸೈಕಲ್ಲನ್ನು ಕ್ಯಾನುಗಳ ನಡುವೆ ಮಲಗಿಸಿ, ತಾನೂ ಮಲಗಿ, ಮೇಲೆ ಟಾರ್ಪಾಲು ಎಳೆದುಕೊಂಡ.

ಹನ್ನೆರಡನೆಯ ತಿರುವಿನಲ್ಲಿ ಡಾಕ್ಟರ ಕೆಮ್ಮು ಕೇಳಿಸಿತು, ಹಿಂದೆ ಸರಿಯಿತು. ಆಗ ದರ್ಜಿಗೆ ಜ್ಞಾನೋದಯವಾಯಿತು. ತಾನೀಗ ಕೊನೆಯವನಲ್ಲ! ಹದಿಮೂರನೆಯದರಲ್ಲಿ ಭಾವನ ದನಿ.

“ಏಯ್, ನಿಲ್ಸಪ್ಪಾ! ದಾರೀಲಿ ಒಬ್ಬ ದರ್ಜಿ ಸಿಕ್ಕಿದ್ನಾ? ಕಿತ್ತಳೆ ಅಂಗಿಯವನು?”

“ಹಿಂದೇನೇ ಇದಾರೆ,” ಎಂದ ಚಾಲಕ.

ಟಾರ್ಪಾಲಿನ ಕೆಳಗೆ ದರ್ಜಿ ಗೊತ್ತಿದ್ದ ದೇವರನ್ನೆಲ್ಲ ನೆನೆದ. ವ್ಯಾನು ಮುಂದೆ ಹೋಗಿ, ಅವನು ಕೇಳುವ ಮೊದಲೇ ಹದಿನಾಲ್ಕನೆಯ ತಿರುವಿನ ದೊಡ್ಡ ಬಂಡೆಯ ಬಳಿ ನಿಂತಿತು. ಚಾಲಕ ಸೈಕಲ್ ಇಳಿಸಿಕೊಟ್ಟು, ಒಂದು ಮಾತೂ ಆಡದೆ ಹೊರಟುಹೋದ. ದರ್ಜಿ ಸೈಕಲ್ಲನ್ನು ಬಂಡೆಯ ಹಿಂದೆ ಎಳೆದುಕೊಂಡು ಅವಿತ. ಅವರಿಬ್ಬರೂ ದಾಟಿದ ಮೇಲೆ ಹೊರಟರೆ ಮತ್ತೆ ತಾನೇ ಕೊನೆ.

ಭಾವ ಬಂದ. ದಾಟಿ ಹೋಗಲಿಲ್ಲ. ಅದೇ ಬಂಡೆಗೆ ಬೆನ್ನು ಕೊಟ್ಟು ಕೂತ.

ಆರು ಗಂಟೆ. ದರ್ಜಿ ನಿಂತದ್ದು ಕೆಂಜಿರುವೆಗಳ ಗೂಡಿನ ಮೇಲೆ. ಅವು ಕಾಲಿನಿಂದ ಶುರುಮಾಡಿ, ಅಳತೆ ತೆಗೆಯುವವರಂತೆ ಅಂಗುಲ ಅಂಗುಲವಾಗಿ ಮೇಲೇರತೊಡಗಿದವು. ಅಷ್ಟರಲ್ಲಿ ಡಾಕ್ಟರೂ ಬಂದು ಕೂತರು.

“ನಿಮ್ಮ ಬಾಮೈದ ಕಾಣಿಸ್ತಾನೇ ಇಲ್ಲವಲ್ಲ ರೀ.”

“ಅವನಾ? ಯಾವುದಾದ್ರೂ ಗಾಡಿ ಹತ್ತಿರ್ತಾನೆ. ಚಿಕ್ಕಂದಿನಿಂದ ನೋಡಿದೀನಲ್ಲ. ನಾನೇನಾದ್ರೂ ಕಂಡ್ರೆ ನರ್ಸಮ್ಮನ ಮುಂದೆ ಕಿವಿ ಹಿಡ್ಕೊಂಡು ನಿಲ್ಲಿಸ್ತೀನಿ.”

ದರ್ಜಿ ತುಟಿ ಕಚ್ಚಿಕೊಂಡ. ಇರುವೆಗಳು ಉಳಿದದ್ದನ್ನು ಕಚ್ಚಿದವು.

“ಈ ಬಂಡೆ ಚೆನ್ನಾಗಿದೆ. ಆ ಕಡೆಯಿಂದ ಒಂದು ಫೋಟೋ ತೆಗೀಲಾ?” ಎಂದು ಡಾಕ್ಟರು ಎದ್ದರು.

ದರ್ಜಿ ಅಂಗಿಯ ಅಂಚನ್ನು ಒಳಗೆಳೆದುಕೊಂಡು ಬಂಡೆಗೆ ಅಂಟಿಕೊಂಡ.

“ಬೆಳಕು ಹೋಯ್ತು, ಬನ್ನಿ ಸುಮ್ಮನೆ,” ಎಂದ ಭಾವ. ಜೀವನದಲ್ಲಿ ಮೊದಲ ಬಾರಿಗೆ ದರ್ಜಿಗೆ ಭಾವನ ಮೇಲೆ ಪ್ರೀತಿ ಹುಟ್ಟಿತು.

ಅವರು ಹೋದ ಮೇಲೆ ಎರಡು ನಿಮಿಷ ಬಿಟ್ಟು, ಇರುವೆ ಕೊಡವಿಕೊಂಡು, ಕೊನೆಯ ಮೂರು ತಿರುವುಗಳನ್ನು ಆತ ಅಕ್ಷರಶಃ ಓಡಿಯೇ ಹತ್ತಿದ. ಬೆಟ್ಟದ ಮೇಲಿನ ಶಾಲೆಯ ಅಂಗಳಕ್ಕೆ ಬಂದಾಗ ಆರು ಇಪ್ಪತ್ತೇಳು. ಎಲ್ಲರೂ ಎದ್ದು ನಿಂತರು.

“ನನ್ನ... ಹಿಂದೆ... ಯಾರೂ ಇಲ್ಲ.”

ನರ್ಸಮ್ಮ ಮೊದಲು ಚಪ್ಪಟೆಯಾದ ಚಕ್ರವನ್ನು ನೋಡಿದರು. ಆಮೇಲೆ ಊದಿಕೊಂಡ ಕಾಲುಗಳನ್ನು ನೋಡಿದರು. ಅವರ ಕಣ್ಣು ತುಂಬಿತು.

“ಪಂಕ್ಚರಾದ ಸೈಕಲ್ ತಳ್ಕೊಂಡು, ಈ ಕಾಲಲ್ಲಿ, ಇಷ್ಟು ಹೊತ್ತಿಗೆ! ಇದು ಮನುಷ್ಯನ ಶಕ್ತಿ ಅಲ್ಲ. ಮೇಷ್ಟರೇ ಬೆನ್ನಿಗೆ ನಿಂತು ತಳ್ಳಿದಾರೆ.”

“ನಮ್ಮ ಬಾಮೈದ!” ಎಂದು ಭಾವ ಎಲ್ಲರಿಗೂ ಕೇಳುವಂತೆ ಹೇಳಿದ.

ನರ್ಸಮ್ಮ ಫೋನು ಮಾಡಿ, ನಡೆದದ್ದನ್ನು ಹೇಳಿ, ದರ್ಜಿಯ ಕೈಗೆ ಕೊಟ್ಟರು. “ಅಂಗಿ ತೊಟ್ಟವರ ಹತ್ತಿರ ಮಾತಾಡ್ಬೇಕಂತೆ.”

ದರ್ಜಿ ಫೋನು ಹಿಡಿದು ಜಗಲಿಯ ತುದಿಯ ನಲ್ಲಿಯ ಬಳಿ ಹೋದ. ಅವನಿಗೆ ಇನ್ನು ತಡೆಯಲಾಗಲಿಲ್ಲ. ಸುಳ್ಳಿನಿಂದ ಹಚ್ಚಿದ ದೀಪ ಹೋದವರಿಗೆ ಬೆಳಕಾದೀತೆ?

“ಅಮ್ಮಾ, ದೀಪ ಹಚ್ಬೇಡಿ. ನಾನು ಪಾಪಿ. ನಾನು ಹತ್ತಿ ಬರಲಿಲ್ಲ. ಏಳನೇ ತಿರುವಿನಲ್ಲಿ ಹಾಲಿನ ವ್ಯಾನು ಹತ್ತಿದೆ. ಈಗ್ಲೇ ಎಲ್ಲರ ಮುಂದೆ ಒಪ್ಕೊಂಡು ಈ ಅಂಗಿ ಬಿಚ್ಚಿಡ್ತೀನಿ.”

ಆ ಕಡೆಯಿಂದ ಮೆಲ್ಲನೆಯ ದನಿ ಬಂತು.

“ಎಲ್ಲಿ ಇಳಿಸಿದ? ಹದಿನಾಲ್ಕನೇ ತಿರುವಿನ ಬಂಡೆ ಹತ್ತಿರಾನಾ?”

“ಹೌದಮ್ಮಾ, ನಿಮಗೆ ಹೇಗೆ ಗೊತ್ತು?”

“ಅಲ್ಲಿ ಇರುವೆ ಕಾಟ. ಇವರೂ ಪ್ರತಿ ವರ್ಷ ಕಾಲು ಊದಿಸ್ಕೊಂಡೇ ಬರ್ತಿದ್ರು.”

“ಅಮ್ಮಾ! ಮೇಷ್ಟರು?”

“ಹನ್ನೆರಡು ವರ್ಷ ಮಗಾ. ಬೇರೆ ದಿನ ಎಲ್ಲಾ ತುಳಿದುಬಿಡೋರು, ಈ ಬೆಟ್ಟ ಒಂದು ಅವರ ಮೊಣಕಾಲಿಗೆ ಆಗ್ತಿರಲಿಲ್ಲ. ಬರಲ್ಲ ಅಂತ ಹೇಳೋಕೆ ನಾಚಿಕೆ. ಅದಕ್ಕೇ ಆ ನಿಯಮ ಮಾಡಿದ್ರು. ಎಲ್ಲರಿಗಿಂತ ಹಿಂದೆ ಇದ್ರೆ ನೋಡೋರು ಯಾರೂ ಇರಲ್ಲವಲ್ಲ.” ಆಕೆ ನಕ್ಕರು, ನಗುತ್ತಲೇ ಅತ್ತರು. “ಬೆಳಗ್ಗಿಂದ ಈಗಲೇ ನನಗೆ ಸ್ವಲ್ಪ ಉಸಿರು ಬಂತು. ಆದ್ರೆ ನೀನು ಬಾಯಿ ಬಿಡಬೇಡ. ನೀನು ವ್ಯಾನು ಅಂದ್ರೆ ಅವರು ಚಾಲಕನ್ನ ಕೇಳ್ತಾರೆ, ಚಾಲಕ ಇವರ ಹೆಸರು ಹೇಳ್ತಾನೆ. ಹೋದವರ ಮಾನ ನಿನ್ನ ಕೈಲಿದೆ. ದೀಪ ಹಚ್ತೀನಿ, ಇಡು.”

ದರ್ಜಿ ಕಣ್ಣೊರೆಸಿಕೊಂಡು ಬಂದ. ಆ ಕಣ್ಣೀರು ಕಂಡು ಎಲ್ಲರಿಗೂ ಮತ್ತಷ್ಟು ಗೌರವ ಹುಟ್ಟಿತು.

“ತೀರ್ಮಾನ ಆಯ್ತು,” ಎಂದರು ನರ್ಸಮ್ಮ. “ಇನ್ಮೇಲೆ ಈ ಅಂಗಿ ನಿಮ್ಮದೇ, ಕಾಲಿರೋವರೆಗೂ. ಮತ್ತೆ ಈ ರಸ್ತೇಲಿ ಆ ವ್ಯಾನಿನ ಧೂಳು ಜಾಸ್ತಿ ಆಯ್ತು. ಮುಂದಿನ ವರ್ಷದಿಂದ ಆ ಕಡೆಯ ಹಳೇ ದಾರೀಲಿ ಹತ್ತೋಣ. ಇಪ್ಪತ್ತಮೂರು ತಿರುವು. ಯಾವ ಗಾಡೀನೂ ಹೋಗಲ್ಲ. ಮೇಷ್ಟರಿಗೆ ಅದೇ ಸರಿಯಾದ ಗೌರವ.”

“ನಮ್ಮ ಬಾಮೈದನಿಗೆ ಅದೆಲ್ಲ ಒಂದು ಲೆಕ್ಕಾನಾ!” ಎಂದ ಭಾವ.

ದರ್ಜಿ ಏನೋ ಹೇಳಲು ಹೋದ. ಅಷ್ಟರಲ್ಲಿ ಪ್ರಾರ್ಥನೆಯ ಹೊತ್ತಾಯಿತು. ಎಲ್ಲರೂ ಸಾಲಾಗಿ ನಿಂತು ಕೈಜೋಡಿಸಿದರು. ಅವನೂ ಊದಿದ ಕಾಲಿನ ಮೇಲೆ ನೆಟ್ಟಗೆ ನಿಂತು ಕಣ್ಣು ಮುಚ್ಚಿದ. ಅವನ ಪ್ರಾರ್ಥನೆಯಲ್ಲಿ ಕಪಟವಿರಲಿಲ್ಲ.

‘ಭಗವಂತಾ, ಆ ಒಳ್ಳೆಯ ಜೀವಕ್ಕೆ ಶಾಂತಿ ಕೊಡು. ಬಳಲಿದವರ ಬೆನ್ನು ಸವರಿದ ಕೈ ಅದು. ಅವರನ್ನು ಏರಿಲ್ಲದ ಕಡೆ ಇರಿಸು. ಅವರ ಮೊಣಕಾಲಿನ ನೋವನ್ನು ನೀನೇ ತೆಗೆದುಕೋ, ತಂದೆ.’