ಕಾಕಾ ಉಟ್ಟ ಹಸಿರು ಸೀರೆ

ನಮ್ಮ ಕಾಕಾನ ಮೀಸೆಗೂ ಅವನ ಹೆಂಡತಿ ಕಾಕುವಿನ ಸೀರೆಗೂ ಏನು ಸಂಬಂಧ ಎಂದು ಕೇಳಿದರೆ ಹಾನಗಲ್ಲಿನ ಅರ್ಧ ಊರು ಇಂದಿಗೂ ನಗುತ್ತದೆ. ಉಳಿದರ್ಧ ನಂಬುವುದಿಲ್ಲ. ಕಾಲೇಜು ಕಲಿತು ದಿನಚರಿ ಬರೆಯುವ ಚಟ ಹಚ್ಚಿಕೊಂಡ ನನಗೇ ನನ್ನ ನೆನಪಿನ ಮೇಲೆ ಅಷ್ಟೇನೂ ಭರವಸೆಯಿಲ್ಲ!

ಕಾಕಾನ ಬಳಿ ಮೂರು ಕಾಲಿನ ಮೇಲೆ ನಿಲ್ಲುವ ಕ್ಯಾಮರಾ ಇತ್ತು. ಮದುವೆ, ಮಕ್ಕಳ ಜವಳಕ್ಕೆ ಕರೆದರೆ, ಮಂದಿಯ ಮುಖ ದಿನಾ ನೋಡುವುದೇ ಎಂದು ಹೋಗುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಊರಾಚೆಯ ಕಾಡಿನ ಒಂದು ಹಕ್ಕಿ. ಹೆಬ್ಬೆರಳಿಗಿಂತ ತುಸು ದೊಡ್ಡದು, ನೀಲಿ ಬೆನ್ನು. (ನೀಲಿಯೇ? ಇರಲಿ.) ಬಿದಿರ ಮೆಳೆಯಲ್ಲಿ ಅದರ ಗೂಡು. ಕಾಕಾನ ಬಿಳಿ ಧೋತರ ಕಂಡರೆ ಪುರ್ರನೆ ಮಾಯ! ಫೋಟೋ ಹಿಡಿಯುವ ಗಾಜಿನ ಪ್ಲೇಟಿನ ಮೇಲೆ ಬರೀ ಟೊಂಗೆ ಮೂಡುತ್ತಿತ್ತು. ಅಷ್ಟರಲ್ಲಿ ಯುದ್ಧ ಬಂತು. ಹುಬ್ಬಳ್ಳಿಯಿಂದ ಗಾಜಿನ ಪ್ಲೇಟು ಬರುವುದು ನಿಂತಿತು. ಉಳಿದದ್ದು ಒಂದೇ ಒಂದು, ಅಂದರೆ ಒಂದೇ ಫೋಟೋ.

ಕಾಕಾ ಏನು ಮಾಡಿದ ಗೊತ್ತೇ? ಹಿರೇಬೆಂಡಿಗೇರಿಯ ತವರಿನವರು ಕಾಕುವಿಗೆ ಉಡಿಸಿದ್ದ ಹಸಿರು ಸೀರೆಯನ್ನು ತಾನೇ ಉಟ್ಟು, ತಲೆತುಂಬ ಸೆರಗು ಹೊದ್ದು ಕಾಡಿಗೆ ಹೊರಟ. ದಾರಿಯಲ್ಲಿ ಕಟ್ಟಿಗೆ ಹೊತ್ತ ಮುದುಕಿಯೊಬ್ಬಳು, "ಯಾರ ಮನಿ ಸೊಸಿಯವ್ವಾ?" ಎಂದಳಂತೆ. ಕಾಕಾ ಗಂಭೀರವಾಗಿ ತನ್ನ ಅಪ್ಪನ ಹೆಸರು ಹೇಳಿದ. ಸೀರೆಯ ಮಟ್ಟಿಗೆ ಉತ್ತರ ಸರಿಯೇ, ದನಿ ತಪ್ಪು. ಮುದುಕಿ ಹೊರೆ ಬಿಟ್ಟು ಓಡಿದಳು!

ಕಾಕುವಿನದು ಬೇರೆ ಹಟ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಆಕೆ ಕ್ಯಾಮರಾದ ಮುಂದೆ ಹಾಯುತ್ತಲೂ ಇರಲಿಲ್ಲ. ಬುತ್ತಿ ತಂದರೆ ಕಾಕಾನ ಬೆನ್ನ ಹಿಂದಿನಿಂದಲೇ ಬರುವಳು.

ಆ ದಿನ ಬುತ್ತಿ ತಂದ ಕಾಕುವಿನ ಜೊತೆ ನಾನೂ ಇದ್ದೆ. ಹಸಿರು ಸೀರೆ ಎಷ್ಟು ಚೆನ್ನಾಗಿ ಕೆಲಸ ಮಾಡಿತ್ತೆಂದರೆ, ಸೀರೆಯ ಒಡತಿಗೇ ಗಂಡ ಕಾಣಲಿಲ್ಲ! ಹುಡುಕುತ್ತ ಹೋದ ಕಾಕು ನೆಟ್ಟಗೆ ಕ್ಯಾಮರಾದ ಎದುರು ನಿಂತಳು. ಹಕ್ಕಿಯೋ, ಕ್ಯಾಮರಾದ ಮೇಲೆಯೇ ಕುಳಿತಿತ್ತು. ಕಾಕಾನ ಮೀಸೆಗೂ ಅದಕ್ಕೂ ಒಂದು ಗೇಣು. ಕಾಕು ಹಕ್ಕಿಯನ್ನೇ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಟಕ್! ಹಕ್ಕಿ ಹಾರಿತು.

"ನನ್ನ ಆಯುಷ್ಯ ತಿಂದ್ರಿ ನೋಡ್ರಿ," ಎಂದಳು ಕಾಕು.

"ನನ್ನ ಪ್ಲೇಟು ನೀ ತಿಂದಿ."

ಕೈ ನಡುಗಿ ಗುಂಡಿ ಒತ್ತಿತೆಂದು ಕಾಕಾ ಊರಿಗೆಲ್ಲ ಹೇಳಿದ. ನಾನು ನೋಡಿದಂತೆ ಅವನ ಕೈ ನಡುಗಿರಲಿಲ್ಲ. ನೆನಪನ್ನು ನಂಬುವುದಾದರೆ.

ಯುದ್ಧ ಮುಗಿಯಿತು, ಪ್ಲೇಟುಗಳು ಬಂದವು. ಅವನ್ನು ನೋಡಲು ಕಾಕು ಇರಲಿಲ್ಲ. ಕಾಕಾ ಮತ್ತೆ ಕ್ಯಾಮರಾ ಹೊರತೆಗೆಯಲಿಲ್ಲ. ಆಕೆಯದೆಂದು ಇರುವುದು ಆ ಒಂದೇ ಫೋಟೋ. ಮನೆಗೆ ಬಂದವರಿಗೆಲ್ಲ ಅದನ್ನು ಹಕ್ಕಿಯ ಫೋಟೋ ಎಂದೇ ತೋರಿಸುತ್ತಾನೆ. ಹಕ್ಕಿ ಎಲ್ಲಿ ಎಂದು ಕೇಳಿದರೆ ಕಾಕುವಿನ ಕಣ್ಣಿನ ಬಳಿ ಬೆರಳು ಒಯ್ಯುತ್ತಾನೆ, ಮುಟ್ಟುವುದಿಲ್ಲ.

"ಇಕಿ ನೋಡಾಕತ್ತಾಳಲ್ರಿ, ಅಲ್ಲೇ ಐತಿ. ಸಾವಕಾಶ ಮಾತಾಡ್ರಿ."