ಸುಲ್ತಾನನಿಗೆ ಉಡಿಸಿದ ಸೀರೆ

ಕೆಲವರಿಗೆ ಸಮುದ್ರ ಕಂಡರೆ ಬೆರಗು, ಕೆಲವರಿಗೆ ಹಿಮಾಲಯ ಕಂಡರೆ. ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಇವೆರಡನ್ನೂ ನೋಡುವ ಯೋಗ ಇನ್ನೂ ಬಂದಿಲ್ಲವಾದ್ದರಿಂದ, ಒಂದು ಪಾಠ ಕಂಡರೇ ಬೆರಗು. ಯುರೋಪಿನ ಕ್ರೈಸ್ತರೂ ಪಶ್ಚಿಮ ಏಷ್ಯಾದ ಮುಸ್ಲಿಮರೂ ಜೆರುಸಲೇಮ್ ಎಂಬ ಒಂದೇ ಊರಿಗಾಗಿ ಬಿಟ್ಟು ಬಿಟ್ಟು ಸುಮಾರು ಇನ್ನೂರು ವರ್ಷ ಹೊಡೆದಾಡಿದ ಧರ್ಮಯುದ್ಧಗಳ ಪಾಠ ಅದು. ನನಗೆ ಸಿಗುವುದು ನಲವತ್ತು ನಿಮಿಷ. ಹಾಜರಿ ಮತ್ತು ಹಿಂದಿನ ಬೆಂಚಿನವರನ್ನು ಎಬ್ಬಿಸುವ ಕೆಲಸ ಕಳೆದರೆ ಉಳಿಯುವುದು ಅರ್ಧ ಗಂಟೆ. ಬಸ್ ಸ್ಟ್ಯಾಂಡಿನಿಂದ ಮನೆಗೆ ಆಟೊ ಇಲ್ಲದೆ ಬರಲಾಗದ ನಾನು, ಕಣ್ಣಾರೆ ಕಾಣದ ಊರಿಗಾಗಿ ತಿಂಗಳುಗಟ್ಟಲೆ ನಡೆದವರ ಕಥೆಯನ್ನೂ, ಅದೇ ಊರು ತಮ್ಮದೆಂದು ಕದಲದೆ ನಿಂತವರ ಕಥೆಯನ್ನೂ ಹೇಳುವಾಗ ದನಿ ತಗ್ಗಿಸುತ್ತೇನೆ. ಹುಡುಗರು ಮಾತ್ರ ತಗ್ಗುವುದಿಲ್ಲ. ಕೋಟೆಯ ಮೇಲಿಂದ ಕಾದ ಎಣ್ಣೆ ಸುರಿಯುತ್ತಿದ್ದರು ಎಂದೊಮ್ಮೆ ಹೇಳಿದ್ದಕ್ಕೆ, ಎಣ್ಣೆ ಮಿಲ್ಲಿನವರ ಮಗನೊಬ್ಬ ಎದ್ದು ನಿಂತು, "ಶೇಂಗಾ ಎಣ್ಣೆನಾ ಸಾರ್? ಅಷ್ಟೂ ವೇಸ್ಟಾ?" ಎಂದು ನಿಜವಾಗಿಯೂ ಸಂಕಟಪಟ್ಟ.

ನನ್ನನ್ನು ಬೆರಗಾಗಿಸುವುದು ಯುದ್ಧಕ್ಕಿಂತ ಹೆಚ್ಚಾಗಿ ನಡುವೆ ಬರುವ ಒಂದು ಸಣ್ಣ ಸಂಗತಿ. ಇಂಗ್ಲೆಂಡಿನ ರಾಜ ಜ್ವರದಿಂದ ಮಲಗಿದಾಗ ಎದುರಾಳಿ ಸುಲ್ತಾನ ಅವನಿಗೆ ಹಣ್ಣನ್ನೂ, ತಂಪಿಗೆಂದು ಬೆಟ್ಟದ ಹಿಮವನ್ನೂ ಕಳಿಸಿದನಂತೆ. ನಾವಾದರೋ ಏಪ್ರಿಲ್ ತಿಂಗಳಲ್ಲಿ ಪಕ್ಕದ ಮನೆಯವರು ಫ್ರಿಜ್ಜಿನ ನೀರು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತೇವೆ. ಈ ಬೆರಗು ನನ್ನೊಬ್ಬನದೇ ಆಗಿ ಉಳಿಯಬಾರದೆಂದು, ಶಾಲಾ ವಾರ್ಷಿಕೋತ್ಸವಕ್ಕೆ ಈ ಪ್ರಸಂಗವನ್ನೇ ನಾಟಕ ಮಾಡಿಸಿದೆ. ನನ್ನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ಎಣ್ಣೆ ಡಬ್ಬದ ತಗಡು ಕತ್ತರಿಸಿ ಕತ್ತಿಗಳಾದವು. ಸುಲ್ತಾನನ ಪಾತ್ರಕ್ಕೆ ನನ್ನಿವಾಳದಿಂದ ಬರುವ ಕಾವೇರಿ ಎಂಬ ಎತ್ತರದ ಹುಡುಗಿ. ಅವಳ ಕಂಠಕ್ಕೆ ಮೈಕು ಬೇಡ. ಆದರೆ ನಿಲುವಂಗಿ? ಡ್ರೆಸ್ ಬಾಡಿಗೆ ಕೊಡುವವನು ತೋರಿಸಿದ್ದು ಕೃಷ್ಣನ ಪೀತಾಂಬರ. ಆಗ ನನಗೆ ಬೀರುವಿನಲ್ಲಿದ್ದ ಕಡುಗೆಂಪು ಮೊಳಕಾಲ್ಮೂರು ಸೀರೆ ನೆನಪಾಯಿತು. ಅದು ನನ್ನ ಹೆಂಡತಿ ಸುಜಾತಳದು. ಅವಳ ತಾಯಿಯದು ಎಂದರೆ ಹೆಚ್ಚು ಸರಿ. ತಾಯಿ ತೀರಿಕೊಂಡ ಮೇಲೆ ಅವಳಲ್ಲಿ ಉಳಿದಿರುವ ಅವರ ಸೀರೆ ಅದೊಂದೇ. ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿದ್ದುದರಿಂದ ಕೇಳಲಿಲ್ಲ. ಒಂದು ಸಂಜೆಯ ಮಟ್ಟಿಗೆ ತಾನೆ, ಎಂದು ಬ್ಯಾಗಿಗೆ ಹಾಕಿಕೊಂಡೆ.

ನಾಟಕ ಭರ್ಜರಿಯಾಗಿ ನಡೆಯಿತು. ಕಾಳಗದಲ್ಲಿ ಸೀರೆಗೆ ಒಂದು ಗೀರೂ ಬೀಳಲಿಲ್ಲ. ನಿಜದಲ್ಲಿ ಆ ಸುಲ್ತಾನನೂ ಆ ರಾಜನೂ ಒಬ್ಬರನ್ನೊಬ್ಬರು ಮುಖಾಮುಖಿ ನೋಡಲೇ ಇಲ್ಲ. ಚಪ್ಪಾಳೆಯ ಆಸೆಗೆ ನಾನು ಕೊನೆಯಲ್ಲಿ ಅವರಿಬ್ಬರನ್ನು ಅಪ್ಪಿಕೊಳ್ಳುವಂತೆ ಮಾಡಿದ್ದೆ. ಜ್ವರದ ರಾಜ ಐಸ್‌ಕ್ಯಾಂಡಿ ತಿಂದು ಎದ್ದು, ಸೊಂಟದ ಕತ್ತಿ ತೆಗೆಯುವುದನ್ನು ಮರೆತು ಸುಲ್ತಾನನನ್ನು ಬಾಚಿ ತಬ್ಬಿದ. ಪರ್ ಎಂಬ ಸದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಯುದ್ಧದಲ್ಲಿ ಹರಿಯದ ಸೀರೆ ಸಂಧಿಯಲ್ಲಿ ಗೇಣುದ್ದ ಹರಿದಿತ್ತು. ಇಲ್ಲದ ಚರಿತ್ರೆ ಬರೆದವನಿಗೆ ತಕ್ಕ ಶಾಸ್ತಿ.

ಮುಂದಿನ ಶುಕ್ರವಾರ ಸುಜಾತಳ ತಮ್ಮನ ಮನೆಯ ಗೃಹಪ್ರವೇಶ. "ಅವ್ವನ ಸೀರೆನೇ ಉಡ್ತೀನಿ, ಅವ್ವ ಬಂದಂಗೆ ಇರ್ತೈತೆ" ಎಂದು ಅವಳು ತಿಂಗಳಿಂದ ಹೇಳುತ್ತಿದ್ದಳು. ನನಗೆ ಅನ್ನ ಸೇರಲಿಲ್ಲ. ಭಾನುವಾರ, ಮೊಳಕಾಲ್ಮೂರಿನಲ್ಲಿ ಶಿಕ್ಷಕರ ತರಬೇತಿ ಇದೆಯೆಂದು ಸುಳ್ಳು ಹೇಳಿ, ಸೀರೆಯನ್ನು ಬ್ಯಾಗಿನ ತಳಕ್ಕೆ ಸೇರಿಸಿ ಬಸ್ ಹತ್ತಿದೆ. ಅವ್ವ ಸೀರೆ ಕೊಂಡ ಮಗ್ಗದ ಮನೆ ಯಾವ ಬೀದಿಯಲ್ಲಿದೆ ಎಂದು ಸುಜಾತಳೇ ನೂರು ಸಲ ಹೇಳಿದ್ದಳು.

ಆ ಮನೆಯಲ್ಲಿ ಈಗ ನೇಯುವವರು ನಾಗಮ್ಮ ಮತ್ತು ಅವರ ಗಂಡ. ನಾಗಮ್ಮ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು, "ಇದಿ ಚೂಡು" ಎಂದು ತೆಲುಗಿನಲ್ಲಿ ಗಂಡನನ್ನು ಕರೆದು, ಹರಿದ ಜಾಗವನ್ನಲ್ಲ, ಸೆರಗಿನ ಹತ್ತಿರ ಬೇರೆ ಏನನ್ನೋ ತೋರಿಸಿದರು. "ಇದು ನಮ್ಮತ್ತೆ ಕೈ ಸಾರ್. ಹಳೇ ರಫು ಐತೆ ಇಲ್ಲಿ."

ಕನ್ನಡಕ ಏರಿಸಿ ನೋಡಿದೆ. ಏನೂ ಕಾಣಲಿಲ್ಲ. ನಾಗಮ್ಮ ನನ್ನ ಬೆರಳು ಹಿಡಿದು ಆ ಜಾಗದ ಮೇಲೆ ಆಡಿಸಿದರು. ಆಗ ಒಂದು ಕೂದಲೆಳೆಯಷ್ಟು ಏರು ಸಿಕ್ಕಿತು. ಒಂದೊಂದು ಎಳೆಯನ್ನೂ ಅದರದೇ ಜಾಗಕ್ಕೆ ಸೇರಿಸಿದ್ದರು ಆ ಪುಣ್ಯಾತ್ಗಿತ್ತಿ. ಕೋಟೆ ಕಟ್ಟಿದವರ, ಕೆಡವಿದವರ ಪಾಠ ಇಪ್ಪತ್ತಾರು ವರ್ಷ ಹೇಳಿದ್ದೇನೆ. ಇಂಥ ಕೈಗಳ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಸೀರೆಯ ಒಳತುದಿಯಿಂದಲೇ ಎಳೆ ತೆಗೆದು ನಾಗಮ್ಮ ಕೂತರು. "ಹೆಂಗ್ ಹರೀತು ಸಾರ್?"

ನಾಟಕಕ್ಕೆಂದು ಹೆಂಡತಿಯ ಸೀರೆ ತಂದದ್ದರಿಂದ ಹಿಡಿದು ಯುದ್ಧದ ಕಥೆಯನ್ನೆಲ್ಲ ಹೇಳಿದೆ. ತರಗತಿಯಲ್ಲಿ ಯಾರೂ ಇಷ್ಟು ಗಮನ ಕೊಟ್ಟು ಕೇಳಿರಲಿಲ್ಲ. ಹಿಮ ಕಳಿಸಿದ ಸಂಗತಿ ಬಂದಾಗ ಅವರ ಸೂಜಿ ನಿಂತಿತು. "ದೊಡ್ಡ ಮನುಷ್ಯ" ಎಂದರು. ಆಮೇಲೆ, "ಕೊನೆಗೆ ಏನಾಯ್ತು?"

"ಆ ಸಲ ಊರು ಸುಲ್ತಾನನ ಹತ್ರನೇ ಉಳೀತು. ಆ ಕಡೆಯ ಯಾತ್ರಿಕರು ಆಯುಧ ಇಲ್ಲದೆ ಬಂದು ದರ್ಶನ ಮಾಡ್ಕೊಂಡು ಹೋಗಬಹುದು ಅಂತ ಒಪ್ಪಂದ ಆಯ್ತು."

"ಅಷ್ಟೇನಾ? ಅದನ್ನ ಮೊದ್ಲೇ ಕೂತು ಕೇಳ್ಬಹುದಿತ್ತಲ್ಲ ಸಾರ್." ಎಳೆಯನ್ನು ಹಲ್ಲಿನಿಂದ ಕಡಿದು ನನ್ನ ಮುಖ ನೋಡಿದರು. "ಸೀರೆ ತಗೊಳ್ಳೋವಾಗ ಅಮ್ಮೋರ್ನ ಕೇಳಿದ್ರಾ?"

ನಾನು ಮಗ್ಗದ ಕಡೆ ತಿರುಗಿ ಅದರ ಹಲಗೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಯೋಚನೆ. ಹೊಲಿಗೆ ಕಾಣುವುದೇ ಇಲ್ಲ, ಸುಮ್ಮನೆ ಬೀರುವಿನಲ್ಲಿಟ್ಟರೆ ಯಾರಿಗೂ ತಿಳಿಯದು. ಆದರೆ ನಾಗಮ್ಮನ ಪ್ರಶ್ನೆ ಚಳ್ಳಕೆರೆಯವರೆಗೂ ಪಕ್ಕದ ಸೀಟಿನಲ್ಲೇ ಕೂತು ಬಂತು. ಮನೆಗೆ ಬಂದವನೇ ಸೀರೆಯನ್ನು ಸುಜಾತಳ ಮುಂದಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸೀರೆ ಬಿಚ್ಚಿ, ಹೊಸ ರಫು ಹುಡುಕಿ, ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಬೆರಳು ಸೆರಗಿನ ಕಡೆ ಹೋಯಿತು.

"ಇದು ನಾನು ಹರಿದಿದ್ದು" ಎಂದಳು. "ಕಾಲೇಜಿಗೆ ಹೋಗೋವಾಗ ಅವ್ವನ್ನ ಕೇಳದೆ ಉಟ್ಟಿದ್ದೆ. ಗೇಟಿನ ಮೊಳೆಗೆ ಸಿಕ್ಕಿ ಹರೀತು. ಗುಟ್ಟಾಗಿ ರಫು ಮಾಡಿಸ್ಕೊಂಡು ಬಂದಿಟ್ಟೆ. ಅವ್ವ ಸಾಯೋ ತನಕ ಹೇಳ್ಲಿಲ್ಲ ಕಣ್ರಿ. ಹೇಳ್ಬೇಕಿತ್ತು." ಕಣ್ಣೊರೆಸಿಕೊಂಡಳು. "ನೀವಾದ್ರೂ ಬಂದು ಹೇಳಿದ್ರಲ್ಲ."

ಇಷ್ಟು ಸುಲಭವಾಗಿ ಸಂಧಿಯಾಗುತ್ತದೆಂದು ನಾನು ಎಣಿಸಿರಲಿಲ್ಲ. ಅವಳ ದೊಡ್ಡತನಕ್ಕೆ ಬೆರಗಾಗಿ, ಏನು ಶಿಕ್ಷೆ ಕೊಟ್ಟರೂ ಸರಿ ಎಂದೆ.

"ಶಿಕ್ಷೆ ಏನೂ ಬ್ಯಾಡ. ಮುಂದಿನ ವರ್ಷನೂ ನಾಟಕ ಆಡಿಸ್ರಿ. ಸುಲ್ತಾನಂಗೆ ನಿಮ್ಮ ಮದ್ವೆ ಕೋಟು ಕೊಡ್ರಿ."

"ಏನಂದೆ? ಅದು ನಮ್ಮಪ್ಪ ಹೊಲಿಸಿದ ಕೋಟು! ಯಾರ್ಯಾರೋ ಹಾಕ್ಕೊಂಡು ಹರಿದುಬಿಟ್ರೆ?" ಎಂದು ನಾನು ಬೀರುವಿಗೆ ಅಡ್ಡ ನಿಂತೇಬಿಟ್ಟಿದ್ದೆ.

ಸುಜಾತ ಸೀರೆಯನ್ನು ಮಡಿಸಿ, ನಾನು ಆಡಿದ ಮಾತು ನನಗೇ ಕೇಳಿಸಲಿ ಎಂಬಂತೆ, ಅದನ್ನು ನನ್ನ ಕೈಗೇ ಕೊಟ್ಟಳು.