ಸೌಂಡ್ ಇಂಜಿನಿಯರ್ ಆಗ್ತೀನಿ ಅಂದಾಗ

ನಾನು ಏನು ಓದಿದೀನಿ, ಏನು ಕೆಲಸ ಮಾಡ್ತೀನಿ ಅಂತ ಯಾರಾದರೂ ಕೇಳಿದರೆ ಸಾಕು, ಅಲ್ಲಿ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೂ ಅಷ್ಟೆ, ಬ್ಯಾಂಕಿನಲ್ಲಿ ಫಾರಂ ನೋಡುವವರು ಕೇಳಿದರೂ ಅಷ್ಟೆ.

ಸಿನಿಮಾಗಳಿಗೆ ಶಬ್ದ ಮಾಡಿಕೊಡೋದು ನನ್ನ ಕೆಲಸ. ತೆರೆಯ ಮೇಲೆ ಬಾಗಿಲು ಕಿರುಗುಟ್ಟಿದರೆ, ಬಳೆ ಸದ್ದಾದರೆ, ಯಾರೋ ಒಣ ಎಲೆ ತುಳಿದುಕೊಂಡು ಹೋದರೆ, ಅದನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಮಾಡಿ ಸೇರಿಸುವವರು ನನ್ನಂಥವರು. ಪಿಯುಸಿಯಲ್ಲಿದ್ದಾಗ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಒಬ್ಬಾಕೆ ಮೈಕಿನ ಮುಂದೆ ಹಸಿ ಮೂಲಂಗಿ ಮುರಿಯುತ್ತಾಳೆ, ತೆರೆಯ ಮೇಲೆ ವಿಲನ್ನಿನ ಕೈ ಮುರಿಯುತ್ತದೆ. ಅವತ್ತೇ ತೀರ್ಮಾನ ಮಾಡಿದೆ, ಓದಿದರೆ ಇದನ್ನೇ ಓದಬೇಕು ಅಂತ. ಊರು ಲಕ್ಕೂರು, ಕಾಲೇಜು ಮಾಲೂರು, ವಯಸ್ಸು ಹದಿನೇಳು. ಆ ಹಟ ಇವತ್ತಿಗೂ ಇಳಿದಿಲ್ಲ, ಎಡವಟ್ಟುಗಳೂ ನಿಂತಿಲ್ಲ.

ಅರ್ಧ ಕೇಳಿಸಿಕೊಂಡ ಅಮ್ಮ

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ಸಂಜೆ ಧೈರ್ಯ ಮಾಡಿ ಹೇಳಿಬಿಟ್ಟೆ: "ಅಮ್ಮಾ, ನಾನು ಸೌಂಡ್ ಇಂಜಿನಿಯರಿಂಗ್ ಓದ್ತೀನಿ."

ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯುವ ಗಲಾಟೆಯಲ್ಲಿ ಮೊದಲನೇ ಪದ ಕೇಳಿಸಲೇ ಇಲ್ಲ, ಎರಡನೆಯದು ಚೆನ್ನಾಗಿ ಕೇಳಿಸಿತು. ಅಪ್ಪ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಆರು ಮನೆಗೆ ಸಕ್ಕರೆ ಹಂಚಿ ಬಂದಿದ್ದರು.

ಮಾರನೇ ದಿನ ಮಾಲೂರಿನಿಂದ ದೊಡ್ಡಪ್ಪ ಬಂದರು. ನಮ್ಮ ಮನೆತನದಲ್ಲಿ ಯಾರು ಏನು ಓದಬೇಕು, ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅನ್ನೋದನ್ನೆಲ್ಲ ನಿರ್ಧರಿಸುವವರು ಅವರೇ.

"ಯಾವ ಬ್ರಾಂಚಮ್ಮಾ? ಸಿವಿಲ್ಲಾ, ಮೆಕಾನಿಕಲ್ಲಾ?"

"ಸೌಂಡು, ದೊಡ್ಡಪ್ಪ."

ನಮ್ಮ ಕಡೆ ದುಡ್ಡಿರುವವರಿಗೆ ಸೌಂಡ್ ಪಾರ್ಟಿ ಅಂತಾರೆ. ದೊಡ್ಡಪ್ಪನ ಮುಖ ಅರಳಿತು. "ಸೌಂಡಾಗಿರೋ ಇಂಜಿನಿಯರು! ಬ್ರಾಂಚು ಅಂದ್ರೆ ಅದಪ್ಪಾ!"

ತಪ್ಪು ತಿಳಿದು ಕೊಟ್ಟ ಒಪ್ಪಿಗೆ ನನಗೆ ಬೇಡವಾಗಿತ್ತು. ಸಿನಿಮಾ, ಮೈಕು, ಸ್ಟುಡಿಯೋ ಅಂತ ಎಲ್ಲವನ್ನೂ ಬಿಡಿಸಿ ಹೇಳಿದೆ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ಅಮ್ಮ ಬಾಗಿಲ ಹತ್ತಿರ ಬಂದು ನಿಂತರು. ಹಂಚಿದ ಸಕ್ಕರೆಯನ್ನು ವಾಪಸ್ ಕೇಳೋದು ಹೇಗೆ ಅಂತ ಅವರ ಮುಖದಲ್ಲೇ ಬರೆದಿತ್ತು.

"ಅಂದ್ರೆ ಮೈಕ್ ಸೆಟ್ಟು," ಅಂದರು ದೊಡ್ಡಪ್ಪ.

"ಮೈಕ್ ಸೆಟ್ ಅಲ್ಲ ದೊಡ್ಡಪ್ಪ..."

ಅವರು ಕಣ್ಣು ಮುಚ್ಚಿ ಯೋಚನೆ ಮಾಡಿದರು. ಆಮೇಲೆ ನನ್ನ ತಲೆ ಸವರಿ ಅಂದರು: "ನೀನು ಹಟ ಬಿಡಲ್ಲ ಅಂತ ಗೊತ್ತು ಕಣಮ್ಮಾ. ಆಗ್ಲಿ, ಮಾಡು. ಆದ್ರೆ ಬರೀ ಮೈಕ್ ಸೆಟ್‌ನಲ್ಲಿ ಏನೂ ಗಿಟ್ಟಲ್ಲ. ಜೊತೆಗೆ ಶಾಮಿಯಾನಾನೂ ಇಟ್ಕೋ."

ಬಲಕ್ಕೆ ಡಾಕ್ಟರು, ಎಡಕ್ಕೆ ಇಂಜಿನಿಯರು

ಅದಾದ ವಾರಕ್ಕೆ ಕಾಲೇಜಿನಲ್ಲಿ "ಮುಂದೇನು?" ಅಂತ ಒಂದು ಕಾರ್ಯಕ್ರಮ. ಬೆಂಗಳೂರಿನಿಂದ ಟೈ ಕಟ್ಟಿಕೊಂಡು ಒಬ್ಬ ಮಾರ್ಗದರ್ಶಕರು ಬಂದಿದ್ದರು. ಡಾಕ್ಟರ್ ಆಗುವವರು ಬಲಕ್ಕೆ, ಇಂಜಿನಿಯರ್ ಆಗುವವರು ಎಡಕ್ಕೆ, ಬಿಕಾಂ ಹಿಂದಕ್ಕೆ ಅಂತ ಎಲ್ಲರನ್ನೂ ವಿಂಗಡಿಸಿ ಕೂರಿಸಿದರು. ನಾನು ನಿಂತೇ ಇದ್ದೆ.

"ನೀನು ಯಾವ ಕಡೆಯಮ್ಮಾ?"

"ಸೌಂಡ್, ಸಾರ್. ಸಿನಿಮಾಗೆ."

ಅವರು ಸಭಾಂಗಣವನ್ನೆಲ್ಲ ಒಂದು ಸಲ ನೋಡಿದರು. ನನಗೆ ಅಂತ ಜಾಗವೇ ಇರಲಿಲ್ಲ. ಕೊನೆಗೆ ಮಧ್ಯದಲ್ಲಿ ಒಂದೇ ಕುರ್ಚಿ ಹಾಕಿಸಿ ಕೂರಿಸಿದರು. ಎರಡೂ ಕಡೆಯವರು ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗಾಯಿತು, ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ಮಾರ್ಗದರ್ಶಕರು ಮೈಕ್ ಹಿಡಿದು ಸ್ಪೀಕರ್ ಡಬ್ಬದ ಮುಂದೆಯೇ ಬಂದು ನಿಂತರು. "ವಿದ್ಯಾರ್ಥಿಗಳೇ, ಭವಿಷ್ಯ ಇಲ್ಲದ ಕೋರ್ಸುಗಳಿಗೆ ಸೇರಿ..." ಅಂದರೋ ಇಲ್ಲವೋ, ಮೈಕ್ "ಕುಂಯ್ಯ್" ಅಂತ ಕಿರುಚಿತು. ಎಲ್ಲರೂ ಕಿವಿ ಮುಚ್ಚಿಕೊಂಡರು. ಅಟೆಂಡರ್ ಓಡಿ ಬಂದು ಎರಡು ವೈರ್ ಎಳೆದ, ಇನ್ನೂ ಜೋರಾಯಿತು. ನಾನು ಎದ್ದು ಹೋಗಿ, ಅವರ ಭುಜ ಹಿಡಿದು ನಾಲ್ಕು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದೆ. ಕಿರುಚಾಟ ನಿಂತಿತು.

"ಥ್ಯಾಂಕ್ಸಮ್ಮಾ," ಅಂದವರೇ ಮಾತು ಮುಂದುವರಿಸಿದರು. ಆದರೆ ಅವರಿಗೆ ಓಡಾಡಿಕೊಂಡು ಮಾತಾಡುವ ಅಭ್ಯಾಸ. ಮತ್ತೆ ಡಬ್ಬದ ಮುಂದೆ ಬಂದರು, ಮತ್ತೆ ಕುಂಯ್ಯ್.

ಒಂದು ಗಂಟೆಯ ಭಾಷಣದಲ್ಲಿ ಡಾಕ್ಟರ್‌ಗಳನ್ನಾಗಲಿ ಇಂಜಿನಿಯರ್‌ಗಳನ್ನಾಗಲಿ ಅವರು ಒಂದು ಸಲವೂ ಕರೆಯಲಿಲ್ಲ. "ಭವಿಷ್ಯ ಇಲ್ಲದ ಆ ಹುಡುಗಿ ಎಲ್ಲಿ?" ಅಂತ ನನ್ನನ್ನು ಏಳು ಸಲ ಕರೆದರು.

ಅಪ್ಪ ಪಾಸಾದ ಪರೀಕ್ಷೆ

ಅಪ್ಪನಿಗೆ ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸ. ಭಟ್ಟಿಯಿಂದ ಇಳಿದ ಹೆಂಚನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಠಣ್ ಅಂದರೆ ಲಾರಿಗೆ, ಡಬ್ ಅಂದರೆ ಪಕ್ಕಕ್ಕೆ. ಮನೆಯಲ್ಲಿ ಅವರು ಮಾತಾಡೋದೇ ಕಡಿಮೆ. ನನ್ನ ಕೋರ್ಸಿನ ವಿಷಯದಲ್ಲೂ ಒಂದೇ ಸಲ ಮಾತಾಡಿದರು.

"ಬೆಂಗಳೂರಿಗೆ ಹೋಗಿ ಬರೋಣ. ಅವರು ತಗೊಂಡ್ರೆ ಓದು. ಬೇಡ ಅಂದ್ರೆ ಕೋಲಾರದಲ್ಲಿ ಬಿಕಾಂ. ಆಮೇಲೆ ಅಳೋ ಹಾಗಿಲ್ಲ."

ಬಿಕಾಂ ಫಾರಂ ಆಗಲೇ ತುಂಬಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. ಬೆಳಗಿನ ರೈಲಿಗೆ ಇಬ್ಬರೂ ಹೊರಟೆವು. ರಜೆ ಅರ್ಧ ದಿನಕ್ಕೆ ಮಾತ್ರ ಸಿಕ್ಕಿದ್ದರಿಂದ ಅಪ್ಪ ಫ್ಯಾಕ್ಟರಿಯ ಖಾಕಿ ಅಂಗಿಯಲ್ಲೇ ಬಂದಿದ್ದರು.

ಸಂದರ್ಶನದ ಕೋಣೆಯಲ್ಲಿ ಮೂವರು ಮೇಷ್ಟ್ರುಗಳು, ಪಕ್ಕದಲ್ಲಿ ಒಂದು ಪರದೆ. ಪರದೆಯ ಹಿಂದೆ ಯಾರೋ ಶಬ್ದ ಮಾಡುತ್ತಾರೆ, ಏನದು ಅಂತ ನಾನು ಹೇಳಬೇಕು. ಮೊದಲನೆಯದು ಬೀಗದ ಕೈ ಗೊಂಚಲು. ಹೇಳಿದೆ. ಎರಡನೆಯದು ಲೋಟಕ್ಕೆ ನೀರು ಸುರಿಯೋದು. "ಬಿಸಿ ನೀರು," ಅಂದೆ. ಮೇಷ್ಟ್ರು ಹುಬ್ಬೇರಿಸಿದರು. ಮೂರನೆಯದು ಏನನ್ನೋ ಬೆರಳಿನಿಂದ ತಟ್ಟಿದ ಸದ್ದು.

"ಮಣ್ಣಿನ ಹೂಜಿ, ಸಾರ್."

"ವೆರಿ ಗುಡ್."

ಬಾಗಿಲ ಪಕ್ಕದ ಕುರ್ಚಿಯಿಂದ ಅಪ್ಪನ ದನಿ ಬಂತು. "ಬಿರುಕು ಬಿಟ್ಟೈತೆ ಸಾರ್ ಅದು."

ಬಿಕಾಂ ನನ್ನ ಕಣ್ಣ ಮುಂದೆ ಬಂತು. ಪರದೆಯ ಹಿಂದಿದ್ದ ಮೇಡಂ ಹೂಜಿ ಹಿಡಿದುಕೊಂಡು ಹೊರಗೆ ಬಂದರು. ತಿರುಗಿಸಿ ತಿರುಗಿಸಿ ನೋಡಿದರು. ತಳದಲ್ಲಿ ಕೂದಲಷ್ಟು ಸಣ್ಣ ಸೀಳು.

"ಇವರು ಯಾರು?" ಅಂತ ಹಿರಿಯ ಮೇಷ್ಟ್ರು ಕೇಳಿದರು.

"ನಮ್ಮಪ್ಪ, ಸಾರ್. ಹೆಂಚು ತಟ್ಟಿ ನೋಡೋದು ಅವರ ಕೆಲಸ."

ಆಮೇಲೆ ಅರ್ಧ ಗಂಟೆ ಮೂವರೂ ಅಪ್ಪನನ್ನು ಸುತ್ತುವರಿದು ಕೂತರು. ಹಸಿ ಹೆಂಚು ಹೇಗೆ ಸದ್ದು ಮಾಡುತ್ತೆ, ಹೆಚ್ಚು ಸುಟ್ಟದ್ದು ಹೇಗೆ ಅಂತ ಕೇಳಿ ಬರೆದುಕೊಂಡರು. ಅಪ್ಪ ಅಷ್ಟು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೊನೆಯಲ್ಲಿ ಹಿರಿಯ ಮೇಷ್ಟ್ರು ಅಪ್ಪನನ್ನೇ ನೋಡುತ್ತಾ, "ಸೀಟ್ ಕನ್ಫರ್ಮ್," ಅಂದರು.

ವಾಪಸ್ ರೈಲಿನಲ್ಲಿ ಅಪ್ಪ ಕಡಲೆಕಾಯಿ ಕೊಂಡರು. ಸಿಪ್ಪೆ ಹಾಕಲು ಬಿಕಾಂ ಫಾರಂ ಬಿಚ್ಚಿ ತೊಡೆ ಮೇಲೆ ಹರಡಿಕೊಂಡರು. ವೈಟ್‌ಫೀಲ್ಡ್ ದಾಟಿದ ಮೇಲೆ ಅವರು ಮೆಲ್ಲಗೆ ಕೇಳಿದರು:

"ಅವರು ನನ್ನನ್ನೇ ನೋಡ್ತಿದ್ರು ಕಣಮ್ಮಾ. ಸೀಟ್ ಯಾರಿಗೆ ಕೊಟ್ರು ಅಂತ ಸರಿಯಾಗಿ ಕೇಳ್ಕೊಂಡ್ಯಾ?"

ಮಾನ್ಯ ಖರೀದಿದಾರರೇ

ಎರಡನೇ ವರ್ಷದಲ್ಲಿ ನಮಗೊಂದು ಕೆಲಸ ಕೊಟ್ಟರು. ನಿಮ್ಮ ಊರ ಕಡೆಯ ಒಂದು ಜಾಗದ ಸಹಜ ಶಬ್ದ ರೆಕಾರ್ಡ್ ಮಾಡಿ ತರಬೇಕು. ಯೋಚನೆಯೇ ಮಾಡದೆ ಕೋಲಾರದ ಟೊಮೆಟೊ ಮಂಡಿಗೆ ಹೋದೆ. ಅಲ್ಲಿಯ ಹರಾಜುಗಾರನ ಗಂಟಲು ಮೂರು ಸಾಲು ಆಚೆಗೂ ಕೇಳಿಸುತ್ತದೆ. ಅರ್ಧ ಕನ್ನಡ, ಅರ್ಧ ತೆಲುಗು, ಉಸಿರೇ ತೆಗೆದುಕೊಳ್ಳದ ಕೂಗು.

ಗಾಳಿ ಸದ್ದು ಬರದಿರಲಿ ಅಂತ ಮೈಕಿಗೆ ಬೂದು ಕೂದಲಿನ ಹೊದಿಕೆ ಹಾಕಿ, ಉದ್ದ ಕೋಲಿಗೆ ಸಿಕ್ಕಿಸಿಕೊಂಡಿದ್ದೆ. ಕ್ರೇಟ್ ಜೋಡಿಸುತ್ತಿದ್ದ ಅಜ್ಜಿ ಗಾಬರಿಯಾದಳು. "ಏನೇ ಅದು, ಬೆಕ್ಕನ್ಯಾಕೆ ಕೋಲಿಗೆ ಚುಚ್ಚಿದ್ದೀಯಾ?"

ಹರಾಜುಗಾರನಿಗೆ ಹೇಳಿದೆ. "ಅಣ್ಣಾ, ನೀವು ದಿನಾ ಕೂಗೋ ಹಾಗೇ ಕೂಗಿ. ನಾನಿಲ್ಲ ಅಂದ್ಕೊಳ್ಳಿ." ಆತ ಸರಿ ಅಂದ. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಗಂಟಲು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ ಶುರು ಮಾಡಿದ:

"ಮಾನ್ಯ ಖರೀದಿದಾರರೇ, ಈ ಟೊಮೆಟೊ ಹಣ್ಣುಗಳಿಗೆ ತಾವು ದಯಮಾಡಿ ತಮ್ಮ ತಮ್ಮ ಬೆಲೆಯನ್ನು ತಿಳಿಸಬೇಕಾಗಿ ಸವಿನಯ ಪ್ರಾರ್ಥನೆ."

ವ್ಯಾಪಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಒಬ್ಬ ವ್ಯಾಪಾರಿ ನಿಜವಾದ ಕಾಳಜಿಯಿಂದ ಕೇಳಿದ: "ಏಮಯ್ಯಾ, ಒಳ್ಳು ಬಾಗಲೇದಾ? ಮೈಗೆ ಹುಷಾರಿಲ್ವಾ?"

ಮೂರು ಸಲ ಬೇಡಿಕೊಂಡೆ. ಮೂರು ಸಲವೂ ಪ್ರಾರ್ಥನೆಯೇ. ಕೊನೆಗೆ ಸಿಕ್ಕಿದ್ದನ್ನೇ ಕೊಟ್ಟೆ. ಮೇಷ್ಟ್ರು ಕೇಳಿ, ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದರು: "ನಾಟಕದವರನ್ನು ಕರೆಸಿ ಮಾಡಿಸಿದ್ದು ಗೊತ್ತಾಗುತ್ತದೆ. ನಿಜವಾದ ಮಂಡಿಗೆ ಹೋಗಿ ಬಾ."

ಹೆಜ್ಜೆ

ಓದು ಮುಗಿದು ಕೆಲಸ ಸಿಕ್ಕ ವರ್ಷ, ಶ್ರೀನಿವಾಸಪುರದಿಂದ ಒಂದು ಗಂಡಿನ ಕಡೆಯವರು ನೋಡಲು ಬಂದರು. ಮಾವಿನ ತೋಪಿನವರು, ಮರ್ಯಾದಸ್ಥರು. ನನಗೆ ಆಗ ಮದುವೆ ಬೇಡವಾಗಿತ್ತು, ಆದರೆ ಅಮ್ಮನಿಗೆ ಬೇಕಾಗಿತ್ತು. ಅದಕ್ಕೆ ಮಾತೆಲ್ಲ ತಾವೇ ಆಡುವುದಾಗಿ ಹೇಳಿದರು.

"ಹುಡುಗಿಗೆ ಎಲ್ಲಿ ಕೆಲಸ?" ಅಂತ ಗಂಡಿನ ತಾಯಿ ಕೇಳಿದರು.

"ಸಿನಿಮಾದಲ್ಲಿ."

ಆಕೆಯ ಕೈಯ ಚಕ್ಕುಲಿ ಬಾಯಿಯ ಹತ್ತಿರವೇ ನಿಂತಿತು. "ಆಕ್ಟಿಂಗಾ?"

"ಅಯ್ಯೋ, ಛೆ ಛೆ! ಆಕ್ಟಿಂಗ್ ಎಲ್ಲ ಇಲ್ಲ," ಅಂದರು ಅಮ್ಮ. "ಬರೀ ಹೆಜ್ಜೆ ಹಾಕ್ತಾಳೆ."

ಚಕ್ಕುಲಿ ತಟ್ಟೆಗೆ ವಾಪಸ್ ಹೋಯಿತು. ಗಂಡಿನ ತಂದೆ ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆ ಅಂತ ಬಾಗಿಲ ಕಡೆ ನೋಡಿದರು.

ನಾನು ಸುಮ್ಮನಿದ್ದರೆ ಮದುವೆ ತಪ್ಪುತ್ತಿತ್ತು. ಆದರೆ ನನ್ನ ಕೆಲಸಕ್ಕೆ ಕೆಟ್ಟ ಹೆಸರು ಬಂದರೆ ನನಗೆ ತಡೆಯೋಕಾಗಲ್ಲ. ಎದುರಿಗೆ ಬಂದು ಕೂತು ಹೇಳಿದೆ: "ಆಂಟಿ, ಡಾನ್ಸ್ ಅಲ್ಲ. ಸಿನಿಮಾದಲ್ಲಿ ಹೀರೋ ನಡೀತಾನಲ್ಲ, ಆಗ ಟಕ್ ಟಕ್ ಅಂತ ಕೇಳಿಸುತ್ತಲ್ಲ? ಆ ಹೆಜ್ಜೆ ಅವನದಲ್ಲ, ನಂದು. ಬೂಟ್ ಹಾಕ್ಕೊಂಡು ನಾನು ನಡೀತೀನಿ."

ಆಕೆಯ ಭಯ ಹೋಗಿ ಮುಖದಲ್ಲಿ ಕನಿಕರ ಬಂತು.

"ಪಾಪ, ಆ ಹೀರೋ ಕಾಲಿಗೆ ಏನಾಗೈತಮ್ಮಾ?"

ಮುಳಬಾಗಿಲಿನಲ್ಲಿ ಬಿದ್ದ ಮಳೆ

ನನ್ನ ಹೆಸರು ತೆರೆಯ ಮೇಲೆ ಮೊದಲು ಬಂದ ಸಿನಿಮಾದ ಕಥೆ ಇದು. ಅದರಲ್ಲಿ ಒಂದು ದೃಶ್ಯ. ನಾಯಕಿ ಮರದ ಕೆಳಗೆ ಒಬ್ಬಳೇ ನಿಂತು ಅಳುತ್ತಾಳೆ, ಎಲೆಗಳ ಮೇಲೆ ಸಣ್ಣಗೆ ಮಳೆ. ನಿರ್ದೇಶಕರಿಗೆ ಆ ಮಳೆ "ಪಿಸುಗುಟ್ಟಬೇಕು". ಪೇಪರ್ ಮೇಲೆ ಅಕ್ಕಿ ಸುರಿದೆ. "ಅಕ್ಕಿ ಥರ ಇದೆ." ಶವರ್ ಬಿಟ್ಟೆ. "ಸ್ನಾನದ ಮನೆ." ನಿಜವಾದ ಮಳೆಯಲ್ಲಿ ನೆನೆದು ರೆಕಾರ್ಡ್ ಮಾಡಿಕೊಂಡು ಬಂದೆ. "ಇದು ನಿಜ ಅನ್ಸಲ್ಲ," ಅಂದರು. "ಸೋಮವಾರದೊಳಗೆ ಆಗದಿದ್ರೆ ಬೇರೆಯವರ ಹತ್ರ ಮಾಡಿಸ್ತೀನಿ."

ಬಿಟ್ಟುಕೊಡುವ ಮಾತೇ ಇರಲಿಲ್ಲ. ರಾತ್ರಿಯೆಲ್ಲ ಯೋಚನೆ ಮಾಡಿದಾಗ ಮುಳಬಾಗಿಲು ಪಕ್ಕದ ದೇವರಾಯಸಮುದ್ರದ ಸೋದರತ್ತೆ ನೆನಪಾದರು. ಅವರದು ರೇಷ್ಮೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಗಳಿಗೆ ಸೊಪ್ಪು ಹಾಕಿದರೆ, ಸಾವಿರಾರು ಹುಳ ಒಟ್ಟಿಗೆ ಮೇಯುವ ಸದ್ದು ಥೇಟ್ ಸೋನೆ ಮಳೆ.

ಬೆಳಗ್ಗೆಯೇ ಬಸ್ ಹತ್ತಿದೆ. ಅತ್ತೆ ನನ್ನ ಕೈಕಾಲು ತೊಳೆಸಿ, ಸೆಂಟ್ ಹಾಕಿದ್ದೀಯಾ ಅಂತ ಕತ್ತು ಮೂಸಿ ನೋಡಿ, ಆಮೇಲೆ ಹುಳದ ಮನೆಯೊಳಗೆ ಬಿಟ್ಟರು. "ಮಾಟ್ಲಾಡೊದ್ದು. ಮಾತಾಡಿದ್ರೆ ಮೇವು ಬಿಡ್ತಾವೆ," ಅಂತ ಅವರೇ ಮೂರು ಸಲ ಮಾತಾಡಿದರು. ಹೊಸ ಸೊಪ್ಪು ಹಾಕಿದರು. ಹೆಡ್‌ಫೋನಿನಲ್ಲಿ ಮಳೆ ಶುರುವಾಯಿತು.

ಸೋಮವಾರ ನಿರ್ದೇಶಕರು ಕಣ್ಣು ಮುಚ್ಚಿ ಕೇಳಿದರು. "ಇದು! ಇದು ಮಳೆ! ಎಲ್ಲಿ ಸಿಕ್ತು?"

"ಮುಳಬಾಗಿಲು ಕಡೆ, ಸಾರ್," ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಸಿನಿಮಾ ಮುಳಬಾಗಿಲಿಗೆ ಬಂದಾಗ ಅಪ್ಪ, ಅಮ್ಮ, ಅತ್ತೆ ಎಲ್ಲರನ್ನೂ ಮ್ಯಾಟ್ನಿಗೆ ಕರೆದುಕೊಂಡು ಹೋದೆ. ಹುಳದ ಸದ್ದೇ ಸಿನಿಮಾದಲ್ಲಿ ಮಳೆಯಾಗಿದೆ ಅಂತ ಅತ್ತೆಗೆ ಹೇಳಿರಲಿಲ್ಲ, ಆಶ್ಚರ್ಯವಾಗಲಿ ಅಂತ. ಆ ದೃಶ್ಯ ಬಂತು. ನಾಯಕಿ ಬಿಕ್ಕಿದಳು, ಮಳೆ ಪಿಸುಗುಟ್ಟಿತು. ಥಿಯೇಟರ್ ಪೂರ್ತಿ ನಿಶ್ಶಬ್ದ. ಮುಂದಿನ ಸೀಟಿನಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇದಕ್ಕೇ ಅಲ್ಲವೇ ಇಷ್ಟು ವರ್ಷ ಹಟ ಹಿಡಿದದ್ದು ಅಂತ ನನ್ನ ಕಣ್ಣೂ ತುಂಬಿ ಬಂತು.

ಪಕ್ಕದಲ್ಲಿ ಅತ್ತೆ ಮಿಸುಕಾಡಿದರು. ಕಿವಿ ಮುಂದಕ್ಕೆ ಚಾಚಿದರು. ದೃಶ್ಯದ ಕೊನೆಯಲ್ಲಿ ಮಳೆ ಮೆಲ್ಲಮೆಲ್ಲಗೆ ಸಣ್ಣದಾಗುತ್ತಾ ಬಂತು. ಅತ್ತೆ ದಿಗ್ಗನೆದ್ದು ನಿಂತು ಕೂಗಿದರು:

"ಅಯ್ಯೋ, ಸೊಪ್ಪು ಮುಗೀತು! ಹುಳ ಹಸ್ಕೊಂಡವ್ರೋ! ಯಾರಾದ್ರೂ ಸೊಪ್ಪು ಹಾಕ್ರೋ!"

ಬೇರೆ ಊರಾಗಿದ್ದರೆ ಜನ ಬೈದು ಕೂರಿಸುತ್ತಿದ್ದರು. ಆದರೆ ಅಲ್ಲಿ ಅರ್ಧ ಥಿಯೇಟರ್ ರೇಷ್ಮೆಯವರೇ. ಹಿಂದಿನ ಸಾಲಿನಿಂದ ಒಬ್ಬ ಎದ್ದ: "ಹೌದು ಕಣಕ್ಕಾ! ನಾನೂ ಆಗ್ಲಿಂದ ಎಲ್ಲೋ ಕೇಳ್ದಂಗೈತಲ್ಲಾ ಅಂತಿದ್ದೆ!" ಇನ್ನೊಬ್ಬ, "ಒಳ್ಳೇ ಬೆಳೆ, ಹುಳ ಚೆನ್ನಾಗಿ ಮೇಯ್ತಾವೆ," ಅಂದ. ಅತ್ತ ನಾಯಕಿ ಅಳುತ್ತಲೇ ಇದ್ದಳು. ಇತ್ತ ಥಿಯೇಟರ್‌ಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಸಿನಿಮಾ ಮುಗಿದು ಎಲ್ಲರೂ ಎದ್ದು ಹೋದರು. ನಾವು ನಾಲ್ಕು ಜನ ಮಾತ್ರ ಕೂತಿದ್ದೆವು. ಹೆಸರುಗಳು ಮೇಲಕ್ಕೆ ಹೋದವು, ಹೋದವು. ಕೊನೆಗೆ ನನ್ನ ಹೆಸರು ಬಂತು. ಅಪ್ಪ ಬೆರಳು ಮಾಡಿ ತೋರಿಸಿದರು. ಅಮ್ಮ ಅತ್ತರು. ಅತ್ತೆ ಮಾತ್ರ ಕೊನೆಯ ಅಕ್ಷರ ಮಾಯವಾಗಿ, ದೀಪ ಹತ್ತುವವರೆಗೂ ತೆರೆಯನ್ನೇ ನೋಡುತ್ತಿದ್ದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ನಿನ್ನ ಹೆಸರು ಹಾಕಿಸ್ಕೊಂಡೆ, ಸರಿ. ನನ್ನ ಹುಳಗಳದ್ದು ಎಲ್ಲೇ?"